ಮಲಗೋ ರಾಗಿ, ಏಳೋ ರಾಗಿ

ಹನುಮಂತರಾಜು ಕೆಟ್ಟಿದ್ದು ಎರಡು ಸಲ "ಆಯ್ತು" ಅಂದಿದ್ದಕ್ಕೆ. ಬ್ಯಾರೆ ಏನೂ ತಪ್ಪು ಮಾಡ್ಲಿಲ್ಲ ಪಾಪ. ಕುಡೀಲಿಲ್ಲ, ಇಸ್ಪೀಟು ಆಡ್ಲಿಲ್ಲ, ಪಕ್ಕದೋನ ಬದು ಒತ್ತಲಿಲ್ಲ. ಒಂದು ಫೋನ್ ಬಂತು, ಆಯ್ತು ಅಂದ. ಇನ್ನೊಂದು ಬಂತು, ಅದಕ್ಕೂ ಆಯ್ತು ಅಂದ. ಎರಡಕ್ಕೂ ಕಿವಿ ಕೊಟ್ಟಿರ್ಲಿಲ್ಲ, ಅಷ್ಟೇ.

ಕಿವಿ ಎಲ್ಲೋಗಿತ್ತು ಅಂತೀರೋ? ನಂದಿತಾ ಹತ್ರ ಹೋಗಿತ್ತು.

ಅದಕ್ಕೆ ಹಿಂದಿನ ವಾರ ಬ್ರೋಕರ್ ತಿಪ್ಪಯ್ಯ ಅವನ್ನ ತುಮಕೂರಿಗೆ ಕರ್ಕೊಂಡೋಗಿ, ಶಿರಾ ಗೇಟ್ ಹತ್ರ ಒಂದು ಹೋಟ್ಲಲ್ಲಿ ಹುಡುಗೀನ ತೋರ್ಸಿದ್ದ. ಗುಬ್ಬಿ ಕಡೆ ಹುಡುಗಿ. ಅಲ್ಲೇ ತುಮಕೂರಿನ ಸತ್ಯಮಂಗಲದಲ್ಲಿ ಯಾವ್ದೋ ಸಣ್ಣ ಫ್ಯಾಕ್ಟ್ರೀಲಿ ಕೆಲ್ಸ. ಅಮ್ಮನ ಜೊತೆ ಬಂದಿದ್ಲು. "ಅವರಪ್ಪ ಡ್ಯೂಟಿ ಮೇಲೆ ಹೋಗವ್ರೆ, ಗೌರ್ಮೆಂಟ್ ಕೆಲ್ಸ" ಅಂದ ತಿಪ್ಪಯ್ಯ. ಯಾವ ಇಲಾಖೆ ಅಂತ ಕೇಳ್ಬೇಕಾದ ಹೊತ್ನಲ್ಲಿ ಹನುಮಂತರಾಜು ಅವಳ ಜುಮುಕಿ ಅಲ್ಲಾಡೋದು ನೋಡ್ತಾ ಕೂತಿದ್ದ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಗೆ ತುಮಕೂರು ಹಿಡಿಸುತ್ತಾ?"

ಇವನು ಬಾಯಿ ತೆಗೆದ. ಮಾತು ಬರ್ಲಿಲ್ಲ, ಬಾಯಲ್ಲಿದ್ದ ಕಾಫಿ ಬಂತು. ಶರ್ಟೆಲ್ಲಾ ಕಾಫಿ. ಆಮೇಲೆ ತಲೆ ಆಡ್ಸಿದ. ಹೌದು ಅಂತಾನೂ ಅಲ್ಲ, ಇಲ್ಲ ಅಂತಾನೂ ಅಲ್ಲ, ಎತ್ತು ನೊಣ ಓಡ್ಸೋವಾಗ ಆಡ್ಸುತ್ತಲ್ಲ, ಹಂಗೆ.

ಅವತ್ತಿಂದ ಒಂದೇ ಕನಸು. ಸಾಯಂಕಾಲದ ಶಿರಾ ಗೇಟು. ಬಸ್ಸುಗಳು ಹಾರ್ನೇ ಹೊಡೀದೆ ದೋಣಿ ಥರ ತೇಲ್ತಾವೆ. ಸ್ಕೂಟ್ರು ಓಡ್ಸೋಳು ನಂದಿತಾ. ಹಿಂದೆ ತರಕಾರಿ ಚೀಲ ಹಿಡ್ಕೊಂಡು ಕೂತಿರೋನು ಇವನು. ಅವಳ ದುಪಟ್ಟಾ ಇವನ ಮಕದ ಮೇಲೆ ಹಾರ್ತಾ ಇರ್ತದೆ, ಊರ ಹಿಂದಿನ ಹುತ್ರಿದುರ್ಗದ ಬೆಟ್ಟದ ಮೇಲೆ ಬೆಳಿಗ್ಗೆ ಮಂಜು ಹಾರೋ ಹಂಗೆ. ಎಲ್ಲಿಗೆ ಹೋಗ್ತಾವ್ರೆ? ಬಾಡಿಗೆ ಮನೆಗೆ. ಮನೆ ಮುಂದೆ ಒಂದು ಕುಂಡ, ಕುಂಡದಲ್ಲಿ ಒಂದು ತುಳಸಿ. ಕನಸಲ್ಲಿ ಅವನಿಗಿರೋ ಜಮೀನು ಅಂದ್ರೆ ಆ ಕುಂಡ ಅಷ್ಟೇ.

ಈ ಕನಸಿನ ಮಧ್ಯ ಬಂದಿದ್ದು ಮೊದಲ್ನೇ ಫೋನು. ಊರಿನ ವಿಎ, ಅಂದ್ರೆ ಗ್ರಾಮಲೆಕ್ಕಿಗ, ರವಿಕಿರಣ್ ಮಾಡಿದ್ದು.

"ರಾಜಣ್ಣ, ಭಾನುವಾರ ಬೆಳೆಹಾನಿ ಸರ್ವೆ. ಹೊಸದಾಗಿ ಬಂದಿರೋ ರೆವಿನ್ಯೂ ಇನ್ಸ್‌ಪೆಕ್ಟ್ರು, ಆರ್‌ಐ ಸಾಹೇಬ್ರೇ ಬರ್ತಾವ್ರೆ. ನೀವು ಇನ್ಶೂರೆನ್ಸ್ ಕಟ್ಟಿಲ್ಲ, ಪರ್ವಾಗಿಲ್ಲ, ಕಟ್ಟದೋರಿಗೂ ಸರ್ಕಾರದ ಪರಿಹಾರ ಐತೆ. ಆದ್ರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗಿದೆ ಅಂತ ಫೋಟೋದಲ್ಲಿ ಕಾಣ್ಬೇಕು. ಹೊಲ ಹೆಂಗೆ ಮಲಗಿದೆಯೋ ಹಂಗೇ ಬುಟ್ಟಿರಿ. ಅವತ್ತೇ ಲಾಸ್ಟು, ಸಾಯಂಕಾಲ ಆಪ್ ಕ್ಲೋಸ್ ಆಗ್ತದೆ."

"ಆಯ್ತು."

ಅದು ಇಟ್ಟ ಮೇಲೆ ತಿಪ್ಪಯ್ಯಂದು.

"ಲೇ ರಾಜು, ಭಾನುವಾರ ಹೆಣ್ಣಿನೋರು ಮನೆ ನೋಡೋಕೆ ಬರ್ತಾವ್ರೆ. ಹುಡುಗಿಗೆ ಅವತ್ತೊಂದೇ ರಜ. ಆಗಲ್ಲ ಗೀಗಲ್ಲ ಅಂದ್ಯೋ, ಹಿಂದೆ ಇನ್ನೊಬ್ಬ ಕ್ಯೂ ನಿಂತವ್ನೆ. ಬ್ಯಾಂಕಲ್ಲಿರೋನು."

"ಆಯ್ತು."

ಸರ್ಕಾರದ ಪರಿಹಾರ ಯಾಕೆ ಬೇಕಿತ್ತು ಅಂದ್ರೆ, ಎಲ್ಲೋ ಸಮುದ್ರದಲ್ಲಿ ಎದ್ದ ಸೈಕ್ಲೋನು ಇಲ್ಲಿ ಬಂದು ರಾಗಿ ಮಲಗಿಸ್ಬುಟ್ಟಿತ್ತು. ಇನ್ನೇನು ಕುಯ್ಯಬೇಕು ಅನ್ನೋವಾಗ ಬಿಡದೆ ಹುಯ್ದಿತ್ತು ಮಳೆ. ಹುತ್ರಿದುರ್ಗದ ತಪ್ಪಲಲ್ಲಿ ಒಬ್ಬನ ಹೊಲ ನಿಂತಿರ್ಲಿಲ್ಲ. ತೆನೆ ನೆಲಕ್ಕೆ ಮಕ ಇಟ್ಟು, ಅಲ್ಲಲ್ಲಿ ಮೊಳಕೇನೂ ಒಡೆದಿತ್ತು. ಇನ್ಶೂರೆನ್ಸ್ ಕಟ್ಟೋ ಕೊನೇ ದಿನ ಹನುಮಂತರಾಜು ಎಲ್ಲಿದ್ದ? ಬದುವಿನ ಮೇಲೆ ಕೂತು ಮೋಡ ನೋಡ್ತಿದ್ದ. ಎಷ್ಟು ಚೆನ್ನಾಗಿತ್ತು ಗೊತ್ತಾ ಅಂತಾನೆ, ಕೇಳಿದ್ರೆ.

ಭಾನುವಾರ ಬೆಳಿಗ್ಗೆ ಎದ್ದು ಹೊರಗ್ ಬಂದ. ದಟ್ಟ ಮಂಜು. ಬೆಟ್ಟ ಇಲ್ಲ, ರಸ್ತೆ ಇಲ್ಲ, ತೆಂಗಿನ ಮರಗಳಿಗೆ ಸೊಂಟದಿಂದ ಮ್ಯಾಲೆ ಇಲ್ಲ. ಆ ಮಂಜಿನೊಳಗೆ ಅವನ ರಾಗಿ ಎದ್ದು ನಿಂತಿತ್ತು.

ಕನಸು ಇನ್ನೂ ಮುಗ್ದಿಲ್ಲ ಅನ್ಕೊಂಡ. ಕಣ್ಣು ಉಜ್ಜಿದ. ರಾಗಿ ನಿಂತೇ ಇತ್ತು. ರಸ್ತೆ ಕಡೆ ಸಾಲೆಲ್ಲಾ ನೆಟ್ಟಗೆ, ಜುಟ್ಟು ಕಟ್ಟಿಸ್ಕೊಂಡು ಸ್ಕೂಲಿಗೆ ಹೊರಟ ಹೆಣ್ಣುಮಕ್ಳ ಥರ. ಹತ್ರ ಹೋದ್ರೆ ಮಂಜೊಳಗಿಂದ ಒಂದೊಂದೇ ಸೀರೆ ಕಾಣ್ತು. ಅರ್ಧ ಊರಿನ ಹೆಂಗಸ್ರು ಸಾಲಾಗಿ ಬಗ್ಗಿ, ಮಲಗಿರೋ ರಾಗೀನ ಹಿಡಿ ಹಿಡಿ ಎಬ್ಬಿಸಿ ಬಾಳೆ ನಾರಲ್ಲಿ ಕಂತೆ ಕಟ್ಟಿ ಕಡ್ಡಿಗೆ ಆನಿಸ್ತಾ ಇದ್ರು. ಮುಂದಾಳು ಅವನ ಸೋದರತ್ತೆ ಹನುಮಕ್ಕ. ಅಪ್ಪ ಅಮ್ಮ ಇಲ್ದೋನ್ನ ಸಾಕಿ ದೊಡ್ಡೋನು ಮಾಡ್ದೋಳು. ಬಾಯಿ ತೆಗೆದ್ರೆ ದುರ್ಗದ ಮೇಲಿರೋರಿಗೂ ಕೇಳ್ತದೆ.

"ಅತ್ತೆ! ಏನ್ ಮಾಡ್ತಿದೀಯ?"

"ಕಣ್ ಕಾಣಲ್ವೇನ್ಲಾ? ರಾಗಿ ಎಬ್ಬಿಸ್ತಿದೀನಿ. ಹೆಣ್ಣಿನೋರು ಬಂದಾಗ ಹೊಲ ಮಲಗಿದ್ರೆ ಗಂಡೂ ಮಲಗೋನೇ ಅನ್ಕೋತಾರೆ. ಎಲ್ಲಾರ್ನೂ ಮುಯ್ಯಾಳಿಗೆ ಕರ್ದಿದೀನಿ. ನಾಳೆ ಅವರ ಮನೇಲಿ ಮದ್ವೆ ಬಂದ್ರೆ ನೀನು ಹೋಗಿ ಎಬ್ಬಿಸು."

ಆ ಊರಲ್ಲಿ ಇದು ಹೊಸದಲ್ಲ. ಹೆಣ್ಣಿನೋರು ಮನೆ ನೋಡೋಕೆ ಬರ್ತಾವ್ರೆ ಅಂದ್ರೆ ಪಕ್ಕದ ಮನೆ ಹಸುವೂ ಗಂಡಿನದೇ, ಎದುರು ಮನೆ ಟ್ರ್ಯಾಕ್ಟ್ರೂ ಗಂಡಿನದೇ. ಆವತ್ತು ಕಾಯಿ ವ್ಯಾಪಾರದ ಇಸಾಕ್ ಸಾಬ್ರು ಗಾಡಿ ತುಂಬ ತೆಂಗಿನಕಾಯಿ ತಂದು, ಅರ್ಧ ಇವನ ಮನೆ ಮುಂದೆ ಸುರಿದು ಬಿಟ್ಟಿದ್ರು.

"ನೋಡೋ ರಾಜು, ಇದೆಲ್ಲಾ ನಿಂದೇ. ಸಾಯಂಕಾಲ ವಾಪಸ್ ತುಂಬ್ಕೊತೀನಿ. ಅಲ್ಲೀವರ್ಗೂ ಒಂದು ಕಾಯೀನೂ ಒಡೀಬ್ಯಾಡ."

"ಸಾಬಣ್ಣ, ಇವತ್ತು ಸರ್ವೇನೂ ಐತೆ!" ಅಂತ ಹನುಮಂತರಾಜು ತಲೆ ಮೇಲೆ ಕೈ ಹೊತ್ತ. "ಹೊಲ ನಿಂತಿದ್ರೆ ಪರಿಹಾರ ಇಲ್ಲ, ಮಲಗಿದ್ರೆ ಮದ್ವೆ ಇಲ್ಲ!"

ಹೆಂಗಸ್ರು ಸೊಂಟಕ್ಕೆ ಕೈ ಕೊಟ್ಟು ನಿಂತ್ರು. ಹನುಮಕ್ಕ ಕೈಲಿದ್ದ ಕಂತೆ ಕೆಳಗೆ ಹಾಕಿದ್ಲು.

"ಎರಡಕ್ಕೂ ಆಯ್ತು ಅಂದ್ಯಾ?"

"ಅಂದೆ."

"ನಿನ್ ತಲೆ ಅನ್ನೋದು ಭುಜದ ಮೇಲೆ ಕೂತಿದ್ದು ನಾನು ಒಂದಿನ ನೋಡಿಲ್ಲ ಕಣ್ಲಾ."

ದಾರಿ ತೋರ್ಸಿದ್ದು ಇಸಾಕ್ ಸಾಬ್ರು. "ಅರೆ, ಟೆನ್ಶನ್ ಯಾಕೆ? ನಾನು ತಿರುವಲ್ಲಿ ಗಾಡಿ ಮೇಲೆ ನಿಂತ್ಕೊತೀನಿ. ಹೆಂಗಸ್ರು ಇರೋ ಕಾರು ಬಂದ್ರೆ ಕೆಂಪು ಟವಲ್ ಬೀಸ್ತೀನಿ. ಎಬ್ಬಿಸಿ. ಸರ್ಕಾರದ ಗಾಡಿ ಬಂದ್ರೆ ಬಿಳೀ ಟವಲ್. ಮಲಗಿಸಿ. ಒಬ್ರು ಹೋದ್ಮೇಲೆ ಇನ್ನೊಬ್ರು ಬರ್ತಾರೆ. ಅಷ್ಟೇ ತಾನೇ?"

ಅಷ್ಟೇ ಆಗಿದ್ರೆ ಚೆನ್ನಾಗಿತ್ತು. ಮಂಜು ಕರಗೋ ಹೊತ್ಗೆ ಫೋನುಗಳು ಶುರುವಾದ್ವು.

ರವಿಕಿರಣ್: "ರಾಜಣ್ಣ, ಸಾಹೇಬ್ರು ಗುಬ್ಬಿ ಬಿಟ್ಟು ಹೆಬ್ಬೂರು ದಾಟವ್ರೆ. ಇನ್ನೇನು ಬಂದ್ರು."

"ಮಲಗಿಸ್ರೀ!" ಅಂತ ಕೂಗಿದ ಹನುಮಂತರಾಜು. ಕಟ್ಟಿದ ನಾರೆಲ್ಲಾ ಬಿಚ್ಚಿದ್ರು. ರಾಗಿ ಉಸ್ಸಪ್ಪಾ ಅಂತ ಮಲಗಿತು.

ತಿಪ್ಪಯ್ಯ: "ಲೇ, ಹೆಣ್ಣಿನೋರು ಕುಣಿಗಲ್ ಕೆರೆ ಹತ್ರ ಇಳ್ದವ್ರೆ. ಫೋಟೋ ಹೊಡ್ಕೊಂತಾವ್ರೆ. ಮುಗೀತು ಅಂದ್ರೆ ಸೀದಾ ನಿಮ್ಮನೆಗೆ."

"ಎಬ್ಬಿಸ್ರೀ!"

ಎಬ್ಬಿಸಿದ್ರು. ಕಟ್ಟಿದ್ರು. ಬೆನ್ನು ನೆಟ್ಟಗೆ ಮಾಡೋ ಹೊತ್ಗೆ ಮತ್ತೆ ರವಿಕಿರಣ್.

"ಸಾಹೇಬ್ರು ಸ್ವಲ್ಪ ಲೇಟು ರಾಜಣ್ಣ. ಕುಣಿಗಲ್ಲಲ್ಲಿ ಮಲ್ಲಿಗೆ ಹೂವು ಕೊಳ್ತಾವ್ರಂತೆ."

ಸರ್ವೆಗೆ ಬರೋ ಸಾಹೇಬ್ರಿಗೆ ಮಲ್ಲಿಗೆ ಹೂವು ಯಾಕಪ್ಪಾ ಅಂತ ಯಾವನಿಗಾದ್ರೂ ಅನುಮಾನ ಬರ್ಬೇಕು. ಹನುಮಂತರಾಜುಗೆ ಮಲ್ಲಿಗೆ ಅನ್ನೋ ಮಾತು ಮಾತ್ರ ಕೇಳಿಸ್ತು. ಅದು ನಂದಿತಾ ಜಡೆ ಮೇಲೆ ಹೋಗಿ ಕೂತ್ಕೊಂಡ್ತು. "ಮಲಗಿಸ್ರೀ" ಅಂದ, ಮೆತ್ತಗೆ.

"ಲೇ!" ಅಂದ್ಲು ಸಾಲಿನ ಕೊನೇಲಿದ್ದ ಒಂದು ಅಜ್ಜಿ. "ನನ್ನ ಮಗೂನೂ ಇಷ್ಟು ಸಲ ಎತ್ತಿ ಮಲಗಿಸಿಲ್ಲ ಕಣ್ಲಾ ನಾನು!"

ಪ್ರತಿ ಸಲ ಎಬ್ಬಿಸಿದಾಗ್ಲೂ ಒಂದಷ್ಟು ಕಾಳು ಉದುರ್ತಿತ್ತು. ಊರಿನ ಕೋಳಿಗಳೆಲ್ಲಾ ಬೀಗರೂಟಕ್ಕೆ ಬಂದಂಗೆ ಬಂದು ಕೂತಿದ್ವು. ಮಳೆ ಬಿಟ್ಟಿದ್ದಷ್ಟು ರಾಗೀನ ಈಗ ಮದ್ವೆ ಮುಗಿಸ್ತಿತ್ತು.

ಬಿಸಿಲು ಏರಿತು. ಯಾವ ಕಾರೂ ಇಲ್ಲ. ಹೆಂಗಸ್ರು ಹುಣಸೆ ಮರದ ನೆರಳಿಗೆ ಹೋಗಿ ಎಲೆ ಅಡಿಕೆ ಬಿಚ್ಚಿದ್ರು. ತಿರುವಲ್ಲಿ ಇಸಾಕ್ ಸಾಬ್ರು ಗಾಡಿ ಮೇಲೆ, ಒಂದು ಹೆಗಲಲ್ಲಿ ಕೆಂಪು ಟವಲ್, ಒಂದು ಹೆಗಲಲ್ಲಿ ಬಿಳೀದು, ಸ್ಟೇಶನ್ ಮಾಸ್ಟ್ರ ಥರ ಕೂತಿದ್ರು. ಹನುಮಂತರಾಜು ಮಲಗಿರೋ ರಾಗಿ ಮಧ್ಯ ಕೂತ. ಕೂತೋನು ಹಂಗೇ ಒರಗಿದ. ಒದ್ದೆ ಹುಲ್ಲಿನ ವಾಸನೆ, ಮ್ಯಾಲೆ ಒಂದು ಗರುಡ ಸುತ್ತುತಾ ಐತೆ, ದುರ್ಗದ ಬಂಡೆ ಬಿಸಿಲಲ್ಲಿ ತೇಲ್ತಾ ಇರೋ ಹಂಗೆ ಕಾಣ್ತದೆ. ಇಷ್ಟು ಮೆತ್ತಗಿರೋ ಹಾಸಿಗೇನ ಯಾಕೆ ಎಬ್ಬಿಸ್ಬೇಕು ಪಾಪ, ಅನ್ನಿಸ್ತು ಅವನಿಗೆ. ಕಣ್ಣು ಮುಚ್ಚಿದ.

ಶಿರಾ ಗೇಟು. ಬಸ್ಸುಗಳು ತೇಲ್ತಾವೆ. ಸ್ಕೂಟ್ರು ನಿಲ್ಸಿ ನಂದಿತಾ ಹಿಂದಕ್ಕೆ ತಿರುಗಿ ಕೇಳ್ತಾಳೆ, ನಿಮ್ಗೆ ತುಮಕೂರು ಹಿಡಿಸುತ್ತಾ? ಇವನು ಬಾಯಿ ತೆಗೀತಾನೆ. ಈ ಸಲ ಕಾಫಿ ಇಲ್ಲ. ಹೇಳೇಬುಡ್ತೀನಿ ಅಂತ...

"ಏಳ್ಲಾ ಹಾಳಾದೋನೆ! ಟವಲ್ಲು! ಟವಲ್ಲು!"

ಹನುಮಕ್ಕನ ಗಂಟಲು. ಎದ್ದು ಕೂತ. ತಿರುವಿನ ಕಡೆ ನೋಡಿದ. ಇಸಾಕ್ ಸಾಬ್ರು ಗಾಡಿ ಮೇಲೆ ಕುಣೀತಾವ್ರೆ. ಬಲಗೈಯಲ್ಲಿ ಕೆಂಪು ಟವಲ್. ಎಡಗೈಯಲ್ಲಿ ಬಿಳೀ ಟವಲ್. ಎರಡೂ ಬೀಸ್ತಾವ್ರೆ.

"ಸಾಬ್ರೇ, ಯಾವ್ದು?" ಅಂತ ಕೂಗಿದ್ಲು ಹನುಮಕ್ಕ.

"ಎರಡೂ!"

"ಎರಡು ಗಾಡಿನಾ?"

"ಒಂದೇ ಗಾಡಿ! ಗಾಜಿನ ಮೇಲೆ ಸರ್ಕಾರದ ಚೀಟಿ! ಒಳಗಡೆ ಮಲ್ಲಿಗೆ ಹೂವು!"

ಆಮೇಲೆ ಆ ಹೊಲದಲ್ಲಿ ಆಗಿದ್ದನ್ನ ಯಾವ ಸೈಕ್ಲೋನೂ ಮಾಡಿರ್ಲಿಲ್ಲ. ಕೆಂಪು ನೋಡಿದೋರು ಎಬ್ಬಿಸೋಕೆ ಓಡಿದ್ರು, ಬಿಳೀದು ನೋಡಿದೋರು ಮಲಗಿಸೋಕೆ ಓಡಿದ್ರು. ಒಂದೇ ಕಂತೇನ ಈ ಕಡೆಯಿಂದ ಹನುಮಕ್ಕ ಎತ್ತುತಾಳೆ, ಆ ಕಡೆಯಿಂದ ಹನುಮಂತರಾಜು ತುಳೀತಾನೆ. ಆದ್ರೆ ಅತ್ತೆ ಕೈ ಜೋರು. ಕಾರು ಬಂದು ನಿಲ್ಲೋ ಹೊತ್ಗೆ ರಸ್ತೆ ಕಡೆ ನಾಕು ಸಾಲು ಎದ್ದು ನಿಂತಿದ್ವು, ಅದರ ಹಿಂದೆ ಸಾಲಾಗಿ ಹೆಂಗಸ್ರು ಸೀರೆ ಸೆರಗು ಅಡ್ಡ ಹಿಡ್ಕೊಂಡು ನಿಂತಿದ್ರು, ಮಲಗಿದ್ದು ಕಾಣದೇ ಇರ್ಲಿ ಅಂತ.

ಕಾರಿಂದ ಮೊದ್ಲು ಇಳ್ದಿದ್ದು ಕೊರಳಿಗೆ ಐಡಿ ಕಾರ್ಡ್ ನೇತಾಕ್ಕೊಂಡಿದ್ದ ಒಬ್ಬ ದಪ್ಪ ಮನುಷ್ಯ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಆಮೇಲೆ ಹೂವಿನ ತಟ್ಟೆ ಹಿಡ್ಕೊಂಡು ಹೋಟ್ಲಲ್ಲಿ ನೋಡಿದ್ದ ಆಯಮ್ಮ. ಆಮೇಲೆ ನಂದಿತಾ. ಕೊನೆಗೆ ಹಲ್ಲು ಕಿಸ್ಕೊಂಡು ತಿಪ್ಪಯ್ಯ.

"ನಾನು ಲಕ್ಷ್ಮೀನರಸಿಂಹಯ್ಯ" ಅಂದ್ರು ಐಡಿ ಕಾರ್ಡಿನೋರು. "ಈ ಹೋಬಳಿ ಆರ್‌ಐ. ಹುಡುಗಿ ತಂದೇನೂ ನಾನೇ. ಭಾನುವಾರಾನೂ ಡ್ಯೂಟಿ ಹಾಕವ್ರಪ್ಪ, ಏನ್ ಮಾಡೋದು? ಅದಕ್ಕೆ ಒಂದೇ ಪೆಟ್ರೋಲಲ್ಲಿ ಎರಡೂ ಮುಗಿಸೋಣ ಅಂತ ಬಂದೆ."

ಹನುಮಂತರಾಜು ತಿಪ್ಪಯ್ಯನ ಕಡೆ ನೋಡಿದ. "ಗೌರ್ಮೆಂಟ್ ಕೆಲ್ಸ ಅಂದಿದ್ದೆನಲ್ಲೋ, ನೀನು ಕೇಳಿದ್ಯಾ ಯಾವ್ದು ಅಂತ?" ಅಂತ ತಿಪ್ಪಯ್ಯ ಕಣ್ಣಲ್ಲೇ ಬೈದ.

ಆರ್‌ಐ ಫೋನು ಎತ್ತಿ ಹಿಡಿದ್ರು. ಅವರ ಗಂಟಲಿಗೆ ಸರ್ಕಾರದ ದನಿ ಬಂತು. "ಹೇಳಪ್ಪಾ. ನಷ್ಟ ಎಷ್ಟಾಗಿದೆ?"

ಹನುಮಂತರಾಜು ಬಾಯಿ ತೆಗೆದ. "ಸಾರ್, ಮಳೇಲಿ..."

ಹನುಮಕ್ಕ ಬೆನ್ನ ಹಿಂದಿಂದ ಚಿವುಟಿದ್ಲು. "ನಷ್ಟಾನಾ? ನಮ್ ಹುಡುಗನ ಹೊಲಕ್ಕಾ? ನೋಡಿ ಸ್ವಾಮಿ, ಊರೆಲ್ಲಾ ಮಲಗಿದೆ, ಇವನದ್ದು ನಿಂತಿದೆ!"

"ಪಕ್ಕದ ಹೊಲ ಯಾರ್ದು? ಪೂರ್ತಿ ಹೋಗಿದೆಯಲ್ಲ."

"ಅದು ನಂದೇ ಸ್ವಾಮಿ" ಅಂದ್ಲು ಹನುಮಕ್ಕ, ಸೆರಗಿಂದ ಕಣ್ಣು ಒರೆಸ್ಕೊಂಡು. "ಒಂದು ತೆನೇನೂ ಉಳೀಲಿಲ್ಲ."

ಆರ್‌ಐ ಆ ಕಡೆ ಒಂದು ಫೋಟೋ ಹೊಡ್ಕೊಂಡು, ಅವಳ ಹೆಸ್ರು ಕೇಳಿ ಟಕ್ ಟಕ್ ಅಂತ ಒತ್ತಿದ್ರು. ಮತ್ತೆ ಇವನ ಕಡೆ ತಿರುಗಿದ್ರು. "ಅವರೇನೋ ಅಂದ್ರು. ನೀನು ಹೇಳ್ಬೇಕು. ನಾನು ಬರೆಯೋದು ರೈತನ ಬಾಯಿಂದ ಬಂದಿದ್ದು."

ಆಗ ನಂದಿತಾ ರಾಗಿ ಹತ್ರ ಬಂದ್ಲು. ಗಾಳಿ ಬೀಸ್ತು. ನಿಂತ ರಾಗಿ ಅಲ್ಲಾಡ್ತು, ಅವಳ ಜುಮುಕೀನೂ ಅಲ್ಲಾಡ್ತು. ಹನುಮಂತರಾಜುಗೆ ಯಾವ್ದು ತೆನೆ ಯಾವ್ದು ಜುಮುಕಿ ತಿಳೀಲಿಲ್ಲ. ಅವಳು ಒಂದು ತೆನೇನ ಬೆರಳಲ್ಲಿ ಮುಟ್ಟಿ ಮೆಲ್ಲಗೆ ಕೇಳಿದ್ಲು.

"ಇದೆಲ್ಲಾ ನಿಮ್ದೇನಾ? ಏನೂ ಹಾಳಾಗ್ಲಿಲ್ವಾ?"

ಆ ದನೀಲಿ ಏನೋ ಒಂದು ಆಸೆ ಇತ್ತು. ಅದು ಹನುಮಂತರಾಜುಗೂ ಗೊತ್ತಾಯ್ತು. ಯಾವ ಆಸೆ ಅನ್ನೋದು ಮಾತ್ರ ಗೊತ್ತಾಗ್ಲಿಲ್ಲ. ಪರಿಹಾರ ಹಾಳಾಗೋಗ್ಲಿ, ಅಂದ್ಕೊಂಡ. ಎದೆ ಉಬ್ಬಿಸಿ ಜನ್ಮದಲ್ಲಿ ಮೊದಲ್ನೇ ಸಲ ಪೂರ್ತಿ ಮಾತಾಡಿದ.

"ಎಲ್ಲಾ ನಮ್ದೇ. ಒಂದು ಕಾಳೂ ಹಾಳಾಗಿಲ್ಲ. ಇಷ್ಟು ಚೆನ್ನಾಗಿ ಯಾವ ವರ್ಷಾನೂ ಬೆಳೆದಿರ್ಲಿಲ್ಲ."

"ಈ ಹೊಲ ಬುಟ್ಟು ಆಚೆ ಒಂದು ಹೆಜ್ಜೆ ಇಕ್ಕಲ್ಲ ಕಣವ್ವ ನಮ್ ಹುಡುಗ" ಅಂತ ಹನುಮಕ್ಕ ಸೇರಿಸಿದ್ಲು. "ಲಕ್ಷ ಕೊಟ್ರೂ ಪ್ಯಾಟೆ ಕಡೆ ತಲೆ ಹಾಕಿ ಮಲಗಲ್ಲ!"

"ಓ" ಅಂದ್ಲು ನಂದಿತಾ. ತೆನೆ ಬಿಟ್ಟು ತಲೆ ಬಗ್ಗಿಸಿದ್ಲು. ನಾಚ್ಕೊಂಡ್ಲು ಅಂದ್ಕೊಂಡ ಹನುಮಂತರಾಜು.

ಆರ್‌ಐಗೆ ಆನಂದ ತಡೀಲಿಲ್ಲ. "ಇಲ್ಲದ ನಷ್ಟ ಇದೆ ಅನ್ನೋರ್ನ ಸರ್ವೀಸೆಲ್ಲಾ ನೋಡಿದೀನಿ ಕಣ್ರೀ. ಬರೋ ದುಡ್ಡನ್ನ ಬ್ಯಾಡ ಅನ್ನೋನ್ನ ಇವತ್ತೇ ನೋಡಿದ್ದು! ಬಾರಪ್ಪಾ, ನಿಂತ್ಕೊ ರಾಗಿ ಪಕ್ಕ. ನಗು. ಇನ್ನೂ ನಗು." ಫೋಟೋ ಹೊಡೆದ್ರು. ನಷ್ಟ ಇಲ್ಲ ಅಂತ ಒತ್ತಿದ್ರು. ಫೋನು ಟಿಣ್ ಅಂತು. ಹೋಯ್ತು ಸರ್ಕಾರಕ್ಕೆ.

ಆಮೇಲೆ ಒಬ್ಬಟ್ಟಿನ ಊಟ. ಇಸಾಕ್ ಸಾಬ್ರು ಬಾಗಿಲಲ್ಲಿ ನಿಂತು, ತಮ್ಮ ಕಾಯಿ ರಾಶೀನೇ ತೋರಿಸಿ "ಇವರ ತೋಟದ ಕಾಯಿ ಅಂದ್ರೆ ಕಾಯಿ ಸಾರ್" ಅಂದ್ರು. ಮರ್ಯಾದೆಗೆ ಎರಡು ಒಡೆದೂ ಕೊಟ್ರು, ಹೊಟ್ಟೆ ಉರ್ಕೊಂಡು. ಹೆಣ್ಣಿನೋರು ಸಂಜೆಗೆ ಫೋನ್ ಮಾಡಿ ಹೇಳ್ತೀ‌ವಿ ಅಂತ ಹೊರಟ್ರು. ಕಾರು ತಿರುವಲ್ಲಿ ಮರೆ ಆಗೋವರ್ಗೂ ಹನುಮಂತರಾಜು ನಗು ಇಳಿಸ್ಲಿಲ್ಲ. ಇನ್ನೂ ಫೋಟೋ ತೆಗೀತಾವ್ರೆ ಅನ್ನೋ ಹಂಗೆ.

ಸಂಜೆ ಆಯ್ತು. ಬೆಟ್ಟದ ನೆರಳು ಮೆಲ್ಲಗೆ ಹೊಲಕ್ಕೆ ಇಳೀತು. ಬಾಳೆ ನಾರು ಒಣಗಿ ಸಡಿಲ ಆಗಿತ್ತು. ಮೊದಲ್ನೇ ಕಂತೆ ಸುಮ್ಮನೆ ಒಂದು ಕಡೆ ವಾಲಿ ಮಲಗಿತು. ಆಮೇಲೆ ಅದರ ಪಕ್ಕದ್ದು. ಯಾರೂ ಮುಟ್ಟಲಿಲ್ಲ. ಅಷ್ಟರಲ್ಲಿ ತಿಪ್ಪಯ್ಯನ ಫೋನು. ಹನುಮಕ್ಕ ಸ್ಪೀಕರ್ ಒತ್ತಿಸಿದ್ಲು.

"ರಾಜು, ಹುಡುಗಿ ಬ್ಯಾಡ ಅಂದ್ಲು ಕಣಪ್ಪ."

"ಯಾಕಣ್ಣ? ಹೊಲ ನಿಂತಿತ್ತಲ್ಲ!"

"ಅದೇ ಕಣಯ್ಯ ಆಗಿದ್ದು. ಅವರಪ್ಪ ನಿನ್ಗೆ ಬಿದ್ದೋಗವ್ರೆ. ಹುಡುಗಿಗೂ ನೀನು ಹಿಡಿಸಿದ್ದೆ. ನೀನು ಅವತ್ತು ಕಾಫಿ ಚೆಲ್ಕೊಂಡ್ಯಲ್ಲ, ಅದು ಬಾಳ ಇಷ್ಟ ಆಗಿತ್ತಂತೆ. ಈ ಮಳೇಲಿ ಬೆಳೆಯೆಲ್ಲಾ ಹೋಗಿರ್ತದೆ, ಪರಿಹಾರದ ದುಡ್ಡನ್ನ ಅಡ್ವಾನ್ಸ್ ಕೊಟ್ಟು ತುಮಕೂರಲ್ಲಿ ಒಂದು ಬಾಡಿಗೆ ಮನೆ ಮಾಡೋಣ, ಅಂತಿದ್ಲಂತೆ. ಅವಳ ಫ್ಯಾಕ್ಟ್ರೀಲೇ ನಿನಗೊಂದು ಕೆಲ್ಸಾನೂ ಕೇಳಿಟ್ಟಿದ್ಲು."

ಹೊಲದಲ್ಲಿ ಇನ್ನೊಂದು ಕಂತೆ ಮಲಗಿತು.

"ಆದ್ರೆ ಇಂಥಾ ಬೆಳೆ ಬೆಳೆಯೋನ್ನ, ಪ್ಯಾಟೆ ಕಡೆ ತಲೆ ಹಾಕಿ ಮಲಗದೋನ್ನ, ಹೊಲದಿಂದ ಕಿತ್ತು ತರೋದು ಪಾಪ ಅಲ್ವಾ ಅಂದ್ಲು. ಕಾರಲ್ಲಿ ದಾರಿಯೆಲ್ಲಾ ಸೊರ ಸೊರ ಅಂತಿದ್ಲು."

"ತಿಪ್ಪಯ್ಯಣ್ಣಾ!" ಅಂತ ಕಿರುಚಿದ ಹನುಮಂತರಾಜು. "ಹಿಡಿಸುತ್ತೆ ಅಂತ ಹೇಳು! ನನಗೆ ತುಮಕೂರು ಹಿಡಿಸುತ್ತೆ! ಬೆಳೆಯೆಲ್ಲಾ ಹೋಗೈತೆ! ಒಂದು ಕಾಳೂ ಇಲ್ಲ!"

"ಈಗ ಹೇಳಿದ್ರೆ ಯಾವನು ನಂಬ್ತಾನೋ? ಅವರಪ್ಪನ ಫೋನಲ್ಲಿ ಹಲ್ಲು ಕಿಸ್ಕೊಂಡು ರಾಗಿ ಪಕ್ಕ ನಿಂತಿದೀಯ. ಆಪೂ ಕ್ಲೋಸು. ಇಡ್ತೀನಪ್ಪ, ಆ ಬ್ಯಾಂಕಿನ ಹುಡುಗನ ಕಡೆಯೋರು ಫೋನ್ ಮಾಡ್ತಾವ್ರೆ."

ಇಸಾಕ್ ಸಾಬ್ರು ಕಾಯಿ ವಾಪಸ್ ತುಂಬೋಕೆ ಶುರು ಮಾಡಿದ್ರು. ಎರಡು ಕಮ್ಮಿ ಇತ್ತು, ಅದನ್ನೂ ಎತ್ತಿ ಆಡ್ಲಿಲ್ಲ. ಹನುಮಕ್ಕ ಬಾಳೆ ನಾರಿನ ಸಿಂಬೆ ಕೈಲಿ ಹಿಡ್ಕೊಂಡು ಹೊಲದ ಅಂಚಲ್ಲಿ ನಿಂತಿದ್ಲು. ಕೊನೇ ಕಂತೆ ಮೆಲ್ಲಗೆ ವಾಲ್ತಾ ಇತ್ತು.

"ಎಬ್ಬಿಸ್ಲೇನ್ಲಾ?" ಅಂದ್ಲು. ಜನ್ಮದಲ್ಲಿ ಮೊದಲ್ನೇ ಸಲ ಅಷ್ಟು ಸಣ್ಣ ದನೀಲಿ.

"ಬುಡತ್ತೆ. ಮಲಗ್ಲಿ."

ಅದು ಮಲಗಿತು. ಹನುಮಂತರಾಜೂ ಅದರ ಪಕ್ಕ ಹೋಗಿ ಮಲಗಿ ಕಣ್ಣು ಮುಚ್ಚಿದ. ಶಿರಾ ಗೇಟಲ್ಲಿ ಬಸ್ಸುಗಳು ಸದ್ದಿಲ್ದೆ ತೇಲ್ತಾ ಇದ್ವು. ದೂರದಿಂದ ಸ್ಕೂಟ್ರು ಬಂತು. ನಂದಿತಾ ಓಡಿಸ್ತಾ ಇದ್ಲು. ಅದೇ ದುಪಟ್ಟಾ, ಅದೇ ಜುಮುಕಿ. ಹಿಂದಿನ ಸೀಟಲ್ಲಿ ತರಕಾರಿ ಚೀಲ ಹಿಡ್ಕೊಂಡು ಆ ಬ್ಯಾಂಕಿನೋನು ಕೂತಿದ್ದ.